ತುಷಾರ್ ಬಾಗ್ಚಿಯ ಬಲಗಣ್ಣು

"ಬಲಗಣ್ಣು ತಗೋಬೇಡಿ ಕಣಪ್ಪಾ. ಅದು ಕೆಲಸಕ್ಕೆ ಬಾರದ್ದು. ಯಾರಿಗಾದ್ರೂ ಮೋಸ ಆಗತ್ತೆ," ಎನ್ನುತ್ತ ಮಂದಿರಾ ಮಂಚದ ತಲೆದೆಸೆಗೆ ಅಡ್ಡ ಬಂದು ನಿಂತಳು.

ನೇತ್ರಭಂಡಾರದಿಂದ ಬಂದಿದ್ದ ಇಬ್ಬರಲ್ಲಿ ಹಿರಿಯವನು ಕೈಗವಸು ಏರಿಸಿಕೊಳ್ಳುತ್ತಿದ್ದವನು ಅಲ್ಲೇ ತಡೆದ. ಮಂಚದ ಮೇಲೆ ತುಷಾರ್ ಬಾಗ್ಚಿ ಎರಡು ದಿಂಬಿಗೆ ತಲೆಯಿಟ್ಟು ಮಲಗಿದ್ದ. ಬೆಳಗಿನ ಐದಕ್ಕೆ ಎದೆ ಒತ್ತಿಕೊಂಡು ಎದ್ದು ಕೂತವನು, ಕೆಳಗಿನ ಮನೆಯ ಡಾಕ್ಟರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಎಪ್ಪತ್ತನಾಲ್ಕು ವರ್ಷ. ಫ್ಯಾನು ಆರಿಸಿ, ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ಹತ್ತಿ ಇಟ್ಟು ಕಾಯಿರಿ ಎಂದು ನೇತ್ರಭಂಡಾರದವರು ಫೋನಿನಲ್ಲಿ ಹೇಳಿದ್ದರು. ಜೂನ್ ತಿಂಗಳ ಕಲ್ಕತ್ತಾ. ಫ್ಯಾನಿಲ್ಲದ ಆ ಕೋಣೆಯಲ್ಲಿ ನಿಂತವರ ಬೆನ್ನೆಲ್ಲ ನೀರಾಗಿತ್ತು.

"ಏನಾಗಿತ್ತು ಮಾಸಿಮಾ ಆ ಕಣ್ಣಿಗೆ?"

"ಲೇಸರ್ ಹೊಡೆದು ಸುಟ್ಟಿತ್ತು. ಲ್ಯಾಬಲ್ಲಿ. ಮೂವತ್ತೈದು ವರ್ಷ ಆಯ್ತು. ಕನ್ನಡಕ ತೆಗೆದಿಟ್ಟು ಬಗ್ಗಿ ನೋಡಿದಾರೆ, ಮಹಾರಾಯರು."

ಅವನು ಬಗ್ಗಿ, ಹತ್ತಿ ಸರಿಸಿ, ಸಣ್ಣ ಟಾರ್ಚು ಬಿಟ್ಟು ನೋಡಿದ. "ಸುಟ್ಟಿರೋದು ಹಿಂದಿನ ಪರದೆ. ಅದು ನಮಗೆ ಬೇಡ. ಮುಂದಿನ ಗಾಜಿನಂಥ ಪೊರೆ ಮಾತ್ರ ಸಾಕು. ಇದು ಚೆನ್ನಾಗಿದೆ. ಎರಡೂ ತಗೋತೀವಿ."

"ಬೇರೆಯವರಿಗೆ ಹಾಕಿದ್ರೆ ಕಾಣತ್ತಾ?"

"ಕಾಣತ್ತೆ."

ಮಂದಿರಾ ಸ್ವಲ್ಪ ಹೊತ್ತು ಗಂಡನ ಮುಖವನ್ನೇ ನೋಡಿದಳು. "ಹಾಗಾದ್ರೆ ಇವರೊಬ್ಬರಿಗೇ ಕಾಣದೇ ಹೋದದ್ದು," ಎಂದು ಪಕ್ಕಕ್ಕೆ ಸರಿದಳು.

ಹೊರಕೋಣೆಯಲ್ಲಿ ಏಳೆಂಟು ಜನ ಸೇರಿದ್ದರು. ಮಗಳು ಪೌಲಮಿ ಬೆಹಾಲಾದಿಂದ ಬಂದವಳು ಬಾಗಿಲಿಗೊರಗಿ ಫೋನಿನಲ್ಲಿ ಒಬ್ಬೊಬ್ಬರಿಗೇ ಅದದೇ ಮಾತು ಹೇಳುತ್ತಿದ್ದಳು. ಶವದ ಗಾಡಿ, ಹೂವು, ಧೂಪ ಎಲ್ಲವನ್ನೂ ಕೈಗೆತ್ತಿಕೊಂಡಿದ್ದವರು ಓಣಿಯ ಹಾಲ್ದಾರ್ ಬಾಬು. ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿತಾಯ್ ಕೂತಿದ್ದ. ತುಷಾರ್ ಇದ್ದ ಪ್ರಯೋಗಾಲಯದಲ್ಲೇ ಗಾಜು ಕಾಯಿಸಿ ಕೊಳವೆ ಮಾಡುತ್ತಿದ್ದ ಹಳೆಯ ಕಸುಬುದಾರ. ಎಂಬತ್ತರ ಹತ್ತಿರ ವಯಸ್ಸು, ಬೆಂಕಿಯ ಮುಂದೆ ಬೆಂದ ಕೈ.

"ನಿನ್ನೆ ಮಧ್ಯಾಹ್ನದಿಂದ ಎದೆ ಹಿಡ್ಕೊಂಡಿತ್ತಂತೆ, ಬೆಳಿಗ್ಗೆ ಐದಕ್ಕೆ ಬಾಯಿ ಬಿಟ್ರು. ಮೊದಲೇ ಒಂದು ಮಾತು ಹೇಳಬಾರದಾ?" ಒಳಗಿನಿಂದ ಬಂದ ಮಂದಿರಾ ಯಾರಿಗೆಂದಿಲ್ಲದೆ ಹೇಳಿದಳು. "ರಾತ್ರಿ ಎರಡು ಸಲ ನೀರು ಕುಡಿಯೋಕೆ ಎದ್ರು. ಏನ್ರೀ ಅಂದ್ರೆ ಏನಿಲ್ಲ ಅಂದ್ರು. ಕಣ್ಣು ಕಳ್ಕೊಂಡಿದ್ದೂ ಹಾಗೇ, ಜೀವ ಕಳ್ಕೊಂಡಿದ್ದೂ ಹಾಗೇ. ಎಚ್ಚರಗೇಡಿ! ಸಾಯೋವರೆಗೂ ಎಚ್ಚರಗೇಡಿ!"

ಅದೇ ಹೊತ್ತಿಗೆ ಬಾಗಿಲಲ್ಲಿ ಸಂಘಮಿತ್ರಾ ಹಾಜ್ರಾ ಕಾಣಿಸಿಕೊಂಡಳು. ಅವಳ ಹಿಂದೆ ಡ್ರೈವರ್ ರಜನೀಗಂಧದ ದೊಡ್ಡ ಹೂಚಕ್ರ ಹಿಡಿದು ನಿಂತಿದ್ದ. ಪ್ರಯೋಗಾಲಯದ ಬೆಳಕಿನ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಮೂವತ್ತೈದು ವರ್ಷದ ಹಿಂದೆ ತುಷಾರನ ಕೈಕೆಳಗೆ ಕಲಿತ ಹುಡುಗಿ. ಪ್ರತಿ ವರ್ಷ ವಿಜಯದಶಮಿಯ ಮಾರನೇ ದಿನ ಬಂದು, ತುಷಾರನ ಕಾಲು ಮುಟ್ಟಿ, ಕೂರದೆ ಹೋಗುತ್ತಿದ್ದಳು. ದೊಡ್ಡ ವಿಜ್ಞಾನಿಗೆ ನಮ್ಮನೆ ತೆಂಗಿನುಂಡೆ ತಿನ್ನೋಕೂ ಪುರಸೊತ್ತಿಲ್ಲ ಎಂದು ಮಂದಿರಾ ಆಡಿಕೊಳ್ಳುತ್ತಿದ್ದಳು.

ಸಂಘಮಿತ್ರಾ ಆ ಕೊನೆಯ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದಳು. ಹೂಚಕ್ರವನ್ನು ಡ್ರೈವರಿನ ಕೈಯಿಂದ ತೆಗೆದುಕೊಳ್ಳುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತಳು.

"ಒಳಗೆ ಬನ್ನಿ ದಿದಿ," ಎಂದರು ಹಾಲ್ದಾರ್ ಬಾಬು. "ಕಣ್ಣಿನವರದ್ದು ಮುಗೀಲಿ, ಆಮೇಲೆ ಹೊರಡೋದು. ಕೇವಡಾತಲಾದಲ್ಲಿ ಈಗಲೇ ಮೂರು ಹೆಣ ಕಾಯ್ತಿವೆಯಂತೆ. ಬದುಕಿದಾಗ ರೇಷನ್ನಿಗೆ ಕ್ಯೂ, ಸತ್ತಾಗ ಬೆಂಕಿಗೆ ಕ್ಯೂ."



*

ತುಷಾರ್ ಬಾಗ್ಚಿ ಕೂದಲಿಗಿಂತ ತೆಳ್ಳಗಿನ ಗಾಜಿನ ಎಳೆಯೊಳಕ್ಕೆ ಬೆಳಕು ತೂರಿಸುವ ಕೆಲಸದವನು. ಈಗ ಸಮುದ್ರದಡಿ, ಬೀದಿಯಡಿ, ಮನೆಮನೆಯ ಗೋಡೆಯೊಳಗೆ ಹರಿದಿರುವ ಎಳೆಗಳು ಆ ಕಾಲಕ್ಕೆ ಮರದ ಉರುಳೆಗೆ ಸುತ್ತಿಟ್ಟ ಒಂದೆರಡು ಮೈಲಿ ಮಾತ್ರ. ಲೇಸರಿನ ಕಿರಣ ಮತ್ತು ಎಳೆಯ ತುದಿ ಒಂದು ಗೆರೆಗೆ ಬರುವವರೆಗೆ ಉಸಿರು ಕಟ್ಟಿ ಸ್ಕ್ರೂ ತಿರುಗಿಸಬೇಕು. ಅದರಲ್ಲಿ ಅವನ ಸಮ ಯಾರೂ ಇರಲಿಲ್ಲ.

ಬಲಗಣ್ಣು ಹೋದ ಮೇಲೆ ಅವನನ್ನು ಆ ಕೋಣೆಯಿಂದ ತೆಗೆದು ಉರುಳೆಗಳನ್ನು ಪರೀಕ್ಷೆ ಮಾಡುವ ಕೋಣೆಗೆ ಹಾಕಿದರು. ವಿಚಾರಣೆಯ ವರದಿಯಲ್ಲಿ 'ಸ್ವಂತ ಅಜಾಗರೂಕತೆ' ಎಂದು ಬರೆದಿತ್ತು. ಬಡ್ತಿ ಎರಡು ಸಲ ತಪ್ಪಿತು. ಆದರೂ ಯಾವುದಾದರೂ ಎಳೆಗೆ ಬೆಳಕು ಹತ್ತದೆ ಹಟ ಹಿಡಿದರೆ ಹುಡುಗರು ಗುಟ್ಟಾಗಿ ಬಂದು, "ತುಷಾರ್‌ದಾ, ಒಂದೇ ನಿಮಿಷ," ಎನ್ನುತ್ತಿದ್ದರು. ಅವನು ಹೋಗಿ ಸೂಕ್ಷ್ಮದರ್ಶಕಕ್ಕೆ ಎಡಗಣ್ಣು ಹಚ್ಚಿ, "ನೀವೆಲ್ಲ ಒಂದು ಕಣ್ಣು ಮುಚ್ಕೋಬೇಕು. ನಂಗೆ ಆ ಶ್ರಮವೂ ಇಲ್ಲ," ಎಂದು ನಗುತ್ತಿದ್ದ.

ಮನೆಯಲ್ಲಿ ನಗು ಕಡಿಮೆ. ಒಂದೇ ಕಣ್ಣಿನವನಿಗೆ ವಸ್ತು ಕಾಣುತ್ತದೆ, ಅದು ಎಷ್ಟು ದೂರದಲ್ಲಿದೆ ಎಂಬುದು ತಿಳಿಯುವುದಿಲ್ಲ. ಚಹಾ ಬಗ್ಗಿಸಿದರೆ ಕಪ್ಪಿನ ಪಕ್ಕಕ್ಕೆ ಬೀಳುತ್ತಿತ್ತು. ಗಡಿಯಾಹಾಟ್ ಮಾರುಕಟ್ಟೆಯಲ್ಲಿ ಮೀನಿನವನು ಚಾಚಿದ ಚೀಲ ಹಿಡಿಯಲು ಹೋಗಿ ಗಾಳಿ ಹಿಡಿಯುತ್ತಿದ್ದ. ಕಣ್ಣಾಸ್ಪತ್ರೆಯವರು ಇದನ್ನೆಲ್ಲ ಮೊದಲೇ ಹೇಳಿದ್ದರು. ಒಂದು ವರ್ಷ ಮಂದಿರಾ ನೆನಪಿಟ್ಟುಕೊಂಡಳು. ಆಮೇಲೆ ಚೆಲ್ಲಿದ ಚಹಾ ಒರೆಸಿ ಒರೆಸಿ ಸಾಕಾಗಿ, ಅದೂ ಅವನ ಗುಣವೇ ಎನಿಸಿತು. ಕಣ್ಣು ಕಳೆದುಕೊಂಡಿದ್ದೇ ಎಚ್ಚರಗೇಡಿತನದಿಂದ ಅಲ್ಲವೇ.

ಮೊಮ್ಮಗಳು ತಿತ್ಲಿ ಹುಟ್ಟಿದ ಆರನೆಯ ದಿನ ನರ್ಸಿಂಗ್ ಹೋಮಿನಲ್ಲಿ ತುಷಾರ್ ಕೈ ತೊಳೆದು, ಪಂಚೆಯ ತುದಿಗೆ ಒರೆಸಿಕೊಂಡು, ಎರಡೂ ಕೈ ಮುಂದೆ ಚಾಚಿ ನಿಂತ. ಮಂದಿರಾ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಅವನ ಕೈ ದಾಟಿಸಿ ಅಳಿಯನ ಕೈಗೆ ಕೊಟ್ಟಳು.

"ನೀವು ಕೂತ್ಕೊಂಡಾಗ ತೊಡೆ ಮೇಲೆ ಹಾಕ್ತೀನಿ. ನಿಂತ್ಕೊಂಡು ಬೇಡ. ಬೀಳಿಸ್ತೀರಿ."

"ಸರಿ, ಸರಿ," ಎಂದ ತುಷಾರ್. ಕೂರಲು ಕುರ್ಚಿ ಹುಡುಕುವವನಂತೆ ಕೋಣೆಯನ್ನೆಲ್ಲ ನೋಡಿದ. ಕುರ್ಚಿ ಇರಲಿಲ್ಲ.

*

ಗಾಜಿನ ಗಾಡಿ ಹನ್ನೆರಡೂವರೆಗೆ ಕೇವಡಾತಲಾ ಸ್ಮಶಾನ ತಲುಪಿತು. ಇವರದು ನಾಲ್ಕನೆಯ ಸರದಿ. ಬಿದಿರ ಚಟ್ಟವನ್ನು ನೆರಳಿನಲ್ಲಿ ಇಳಿಸಿ, ಗಂಡಸರು ಮಣ್ಣಿನ ಕುಡಿಕೆಯ ಚಹಾ ಕುಡಿಯಲು ಗೇಟಿನಾಚೆ ಹೋದರು. ಪೌಲಮಿ ಕಚೇರಿ ಕಿಟಕಿಯಲ್ಲಿ ಡಾಕ್ಟರ ಕಾಗದ ತೋರಿಸುತ್ತಿದ್ದಳು. ಮುಖಾಗ್ನಿ ಅವಳೇ ಕೊಡುವುದೆಂದು ತೀರ್ಮಾನವಾಗಿತ್ತು. ಹೆಂಗಸರು ಸ್ಮಶಾನಕ್ಕೆ ಬರುವುದೇ ಎಂದು ಯಾರೋ ಗೊಣಗಿದ್ದಕ್ಕೆ ಮಂದಿರಾ, "ನಲವತ್ತಾರು ವರ್ಷ ಅವರ ಹಿಂದೆ ಎಲ್ಲಾ ಕಡೆ ಹೋಗಿದೀನಿ. ಇವತ್ತೊಂದಿನ ಮನೇಲಿ ಕೂತು ಏನು ಮಾಡಲಿ?" ಎಂದು ಗಾಡಿ ಹತ್ತಿ ಬಂದಿದ್ದಳು.

ಸಿಮೆಂಟಿನ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಸಂಘಮಿತ್ರಾ ಬಂದು ಕೂತಳು. ಕೈಯಲ್ಲಿ ಪ್ರಯೋಗಾಲಯದ ಸಂತಾಪ ಪತ್ರವಿತ್ತು. ಓದಿ ಹೇಳಬೇಕಾಗಿತ್ತು, ಓದಲಿಲ್ಲ.

"ಬೌದಿ, ಒಂದು ಮಾತಿದೆ. ಅವರು ಒಳಗೆ ಹೋಗೋ ಮುಂಚೆ ಹೇಳಬೇಕು."

"ಹೇಳು."

"ಆವತ್ತು ಲೇಸರ್ ಹಾಕಿದ್ದು ನಾನು."

ಮಂದಿರಾ ತಿರುಗಿದಳು. "ನೀನೇ ಹಾಕಿದ್ದು, ಗೊತ್ತು. ಅವರು ಹಾಕು ಅಂದಿದ್ರು, ತಾವೇ ಅಂದಿದ್ದು ತಾವೇ ಮರೆತು ಬಗ್ಗಿದ್ರು. ವರದೀಲಿ ಹಾಗೇ ಇತ್ತಲ್ಲ?"

"ಅವರು ಹಾಕು ಅಂದಿರಲಿಲ್ಲ ಬೌದಿ."

*

ಸಾವಿರದ ಒಂಬೈನೂರ ಎಂಬತ್ತೊಂಬತ್ತು, ಜುಲೈ. ಸಂಘಮಿತ್ರಾಗೆ ಇಪ್ಪತ್ತನಾಲ್ಕು. ಬಾಂಕುಡಾದ ಪೋಸ್ಟ್‌ಮ್ಯಾನ್ ಒಬ್ಬರ ಮಗಳು. ಪ್ರಯೋಗಾಲಯ ಸೇರಿ ಹನ್ನೊಂದು ತಿಂಗಳಾಗಿತ್ತು. ಮಾರ್ಚಿನಲ್ಲಿ ಒಂದು ದುಬಾರಿ ಮಸೂರ ಅವಳ ಕೈಜಾರಿ ಒಡೆದಿತ್ತು. ಇನ್ನೊಂದು ತಪ್ಪಾದರೆ ಊರಿನ ರೈಲು ಹತ್ತಬೇಕು ಎಂದು ನಿರ್ದೇಶಕರು ಹೇಳಿದ್ದರು.

ಆ ಕೋಣೆಯ ಲೇಸರಿನ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಹಾಗಾಗಿ ತುಷಾರ್ ಒಂದು ನಿಯಮ ಮಾಡಿದ್ದ. ಸ್ವಿಚ್ಚಿಗೆ ಕೈ ಹಾಕುವವರು 'ಬೆಳಕು' ಎಂದು ಕೂಗಬೇಕು, ಮೇಜಿನ ಬಳಿ ಇರುವವರು ಕನ್ನಡಕ ಹಾಕಿಕೊಂಡು 'ಹೂಂ' ಎನ್ನಬೇಕು, ಆಮೇಲೆ ಒತ್ತಬೇಕು. ಲೇಸರ್ ಆರಿದ್ದಾಗ ಎಲ್ಲರೂ ಆ ದಪ್ಪ ಕನ್ನಡಕವನ್ನು ಹಣೆಗೇರಿಸುತ್ತಿದ್ದರು. ಅದನ್ನು ಹಾಕಿಕೊಂಡರೆ ಎಳೆಯ ತುದಿ ಕಾಣುತ್ತಿರಲಿಲ್ಲ.

ಆ ಬೆಳಿಗ್ಗೆ ಅವಳು ಕತ್ತರಿಸಿದ ಎಳೆಯ ತುದಿ ಓರೆಯಾಗಿತ್ತು. ತುಷಾರ್ ಏಳು ಸಲ ಮತ್ತೆ ಮಾಡಿಸಿದ. ಏಳನೆಯದನ್ನೂ ನೋಡಿ, "ಇದನ್ನು ಇಲಿ ಕಡಿದಿದ್ರೆ ಇನ್ನೂ ನೆಟ್ಟಗಿರ್ತಿತ್ತು," ಎಂದ. ಪಕ್ಕದ ಕೋಣೆಯ ಹುಡುಗರು ನಕ್ಕರು. ಅವಳು ಇಡೀ ದಿನ ಈ ಮನುಷ್ಯನ ಜೊತೆ ಮಾತಾಡುವುದಿಲ್ಲ ಎಂದು ನಿಶ್ಚಯಿಸಿದಳು. ಊಟಕ್ಕೂ ಕರೆಯಲಿಲ್ಲ. ಕೇಳಿದ್ದಕ್ಕೆ ತಲೆಯಲ್ಲಾಡಿಸಿ ಉತ್ತರ ಕೊಟ್ಟಳು.

ಮೂರೂವರೆಗೆ ತುಷಾರ್ ಹೊರಗೆ ಹೋದದ್ದನ್ನು ಕಂಡಳು, ವಾಪಸು ಬಂದದ್ದನ್ನು ಕಾಣಲಿಲ್ಲ. ಸ್ವಿಚ್ಚಿಗೂ ಮೇಜಿಗೂ ನಡುವೆ ಇಳಿಬಿಟ್ಟ ಪರದೆಯಾಚೆ ಅವನು ಮೇಜಿಗೆ ಬಗ್ಗಿ ಎಳೆಯ ತುದಿಯನ್ನು ನೋಡುತ್ತಿದ್ದ. ಕೂಗಿದ್ದರೆ ಅವನಿಗೆ ಕೇಳುತ್ತಿತ್ತು. ಒಳಗೆ ಯಾರೂ ಇಲ್ಲ ಎಂದುಕೊಂಡಳೋ, ಇದ್ದರೂ ಇರಲಿ, ನಾನು ಬಾಯಿ ಬಿಡುವುದಿಲ್ಲ ಎಂದುಕೊಂಡಳೋ, ಮುಂದೆ ಎಷ್ಟು ಕೆದಕಿದರೂ ಅವಳಿಗೇ ತಿಳಿಯಲಿಲ್ಲ. ಸ್ವಿಚ್ಚು ಒತ್ತಿದಳು.

ಸ್ಟೂಲು ಉರುಳಿದ ಸದ್ದಾಯಿತು. ಕೂಗಾಟ ಇರಲಿಲ್ಲ. "ಆರಿಸು," ಎಂದಿತು ಪರದೆಯಾಚೆಯ ದನಿ, ಮೆಲ್ಲಗೆ. "ಸಂಘಮಿತ್ರಾ, ಆರಿಸು. ಕಣ್ಣೊಳಗೆ ಟಪ್ ಅಂತು."

ಆಸ್ಪತ್ರೆಯಲ್ಲಿ ಮೂರನೆಯ ದಿನ ಅವಳು ಅವನ ಮಂಚದ ಪಕ್ಕ ನಿಂತು, ನಾಳೆ ವಿಚಾರಣೆಯಲ್ಲಿ ಎಲ್ಲ ಹೇಳಿಬಿಡುತ್ತೇನೆ ಎಂದು ಅತ್ತಳು.

"ನಂಗೆ ಕೆಲಸ ಹೋಗಲ್ಲ, ಕಾಯಂ ಆಗಿದೆ. ನಿಂಗೆ ಹೋಗತ್ತೆ," ಎಂದ ತುಷಾರ್. ಮುಖದ ಅರ್ಧಕ್ಕೆ ಪಟ್ಟಿ ಸುತ್ತಿತ್ತು. "ಕನ್ನಡಕ ಎತ್ತಿದ್ದು ನಾನೇ ತಾನೆ? ಅದು ಸುಳ್ಳಲ್ಲ. ಹಾಕು ಅಂದಿದ್ದೆ, ಮರೆತೆ ಅಂತೀನಿ. ಅಷ್ಟೇ ಸುಳ್ಳು. ನಿತಾಯ್‌ಗೂ ಹೇಳಿದೀನಿ. ಮಂದಿರಾಗೆ ಮಾತ್ರ ಯಾವತ್ತೂ ಹೇಳಬೇಡ. ನಿನ್ನ ಹಾಸ್ಟೆಲಿಗೆ ಬಂದು ಜಡೆ ಹಿಡಿದು ಬೀದಿಗೆ ಎಳೀತಾಳೆ."

*

"ಎಳೀತಿದ್ದೆ," ಎಂದಳು ಮಂದಿರಾ.

ಒಳಗಡೆ ವಿದ್ಯುತ್ ಕುಲುಮೆಯ ಕಬ್ಬಿಣದ ಬಾಗಿಲು ಎದ್ದು ಬಿದ್ದ ಸದ್ದು. ಎರಡನೆಯ ಸರದಿಯವರ ಹರಿಬೋಲ್ ಕೂಗು ಎದ್ದು ಅಡಗಿತು.

"ಅಷ್ಟಕ್ಕೇನಾ? ಇಲಿ ಅಂದಿದ್ದಕ್ಕೆ?"

"ಅಷ್ಟಕ್ಕೇ."

"ಆಮೇಲಾದ್ರೂ ಹೇಳಬಹುದಿತ್ತು. ದೊಡ್ಡ ಮನುಷ್ಯಳಾದ ಮೇಲೆ."

"ಅವರು ರಿಟೈರಾದ ದಿನ ಕೇಳಿದೆ. ಬೇಡ, ಈಗ ಯಾಕೆ ಅಂದ್ರು." ಸಂಘಮಿತ್ರಾ ಮಡಿಲಲ್ಲಿದ್ದ ಪತ್ರದ ಅಂಚನ್ನು ಮಡಿಸಿದಳು, ಬಿಚ್ಚಿದಳು. "ಅವರು ಬೇಡ ಅಂದಿದ್ದು ನಂಗೂ ಅನುಕೂಲ ಆಗಿತ್ತು ಬೌದಿ."

ಮಂದಿರಾ ನೆರಳಿನಲ್ಲಿ ಮಲಗಿದ್ದ ಗಂಡನ ಕಡೆ ನೋಡಿದಳು. ಹಣೆಗೆ ಗಂಧದ ಬೊಟ್ಟುಗಳ ಸಾಲು, ಕಣ್ಣಿನ ಮೇಲೆ ಬಿಳಿಯ ಅರಿವೆ.

"ಚಹಾ ಚೆಲ್ಲಿದ್ದು ಕಣ್ಣಿಂದ," ಎಂದಳು. "ನಾನು ಗುಣ ಅಂದ್ಕೊಂಡಿದ್ದೆ. ತಿತ್ಲೀನ ಅವರ ಕೈಗೆ ಕೊಡಲಿಲ್ಲ ಕಣೇ. ಬೀಳಿಸ್ತೀರಿ ಅಂದೆ. ಸರಿ ಅಂದ್ರು. ಅಷ್ಟು ಜನರ ಮುಂದೆ ಅಂದಾಗಲೂ ಬಾಯಿ ಬಿಡಲಿಲ್ಲ." ಸೆರಗನ್ನು ಬಾಯಿಗೊತ್ತಿಕೊಂಡಳು. "ನಂಗೂ ಹೇಳಲಿಲ್ಲ. ನಿನ್ನನ್ನು ಕಾಪಾಡಿದ್ರು, ಸರಿ. ನನ್ನ ನಂಬಲಿಲ್ವಲ್ಲ."

ಪೌಲಮಿ ರಸೀತಿ ಹಿಡಿದು ಬಂದವಳು ತಾಯಿಯ ಮುಖ ನೋಡಿ ಗಾಬರಿಯಾದಳು. "ಏನಾಯ್ತು ಮಾ?"

"ಇವಳು ಹೇಳ್ತಾಳೆ. ಹೇಳು. ನನಗೆ ಹೇಳಿದ ಹಾಗೇ, ಒಂದಕ್ಷರ ಬಿಡಬೇಡ."

ಸಂಘಮಿತ್ರಾ ಎದ್ದು ನಿಂತು ಹೇಳಿದಳು. ನೂರಾರು ಜನರ ಸಭೆಗಳಲ್ಲಿ ಮಾತಾಡಿದವಳು ಎರಡು ಸಲ ಹಿಂದಕ್ಕೆ ಹೋಗಿ ಮೊದಲಿಂದ ಹೇಳಿದಳು. ಕುಡಿಕೆ ಎಸೆದು ಗೇಟಿನಿಂದ ಬರುತ್ತಿದ್ದ ನಿತಾಯ್ ಅರ್ಧಕ್ಕೆ ಕೇಳಿಸಿಕೊಂಡು, ಕಂಬ ಹಿಡಿದು ನಿಂತ.

ಪೌಲಮಿ ಮಾತಾಡಿದಾಗ ದನಿ ತೀರಾ ಸಣ್ಣಗಿತ್ತು. "ನಂಗೆ ಆಗ ಎಂಟು ವರ್ಷ. ಬಾಬಾ ಕೈ ಹಿಡ್ಕೊಂಡು ರಸ್ತೆ ದಾಟಬೇಡ ಅಂತ ಮಾ ಹೇಳ್ತಿದ್ರು ನಂಗೆ. ಬಾಬಾ ಸ್ಕೂಲಿಗೆ ಬಿಡೋಕೆ ಬರ್ತೀನಿ ಅಂದ್ರೆ ಬೇಡ ಅಂತ ನಾನು ಅಳ್ತಿದ್ದೆ. ನೀವು ಪ್ರತಿ ವರ್ಷ ಬಂದು ಕಾಲು ಮುಟ್ಟಿ ಹೋಗ್ತಿದ್ರಿ, ಸಂಘಮಿತ್ರಾ ಪಿಶಿ. ಕಾಲು ಮುಟ್ಟಿ!" ಆಮೇಲೆ, "ಹೋಗಿ ಇಲ್ಲಿಂದ," ಎಂದಳು.

"ನಾನೂ ಹೋಗಬೇಕು ಹಾಗಾದ್ರೆ," ಎಂದ ನಿತಾಯ್. "ಪಕ್ಕದ ಕೋಣೇಲಿ ನಾನಿದ್ದೆ. ಬೆಳಕು ಅಂತ ಇವಳು ಕೂಗಿದ್ದಾಗಲಿ, ಹಾಕು ಅಂತ ಅವನು ಅಂದಿದ್ದಾಗಲಿ ಕೇಳಿಸಲಿಲ್ಲ. ಕೇಳಿಸ್ತು ಅಂತ ಸಹಿ ಹಾಕಿದೆ. ತುಷಾರ್ ಕೇಳ್ಕೊಂಡ, ಹಾಕಿದೆ. ಎಷ್ಟೋ ಸಲ ನಿಮ್ಮನೇಲೇ ಕೂತು ಮೀನು ಸಾರು ಉಂಡೆ, ಬೌದಿ ಅವನನ್ನ ಬೈತಿದ್ರೆ ಮುಳ್ಳು ಬಿಡಿಸ್ತಾ ಕೂತಿದ್ದೆ."

ಸಂಘಮಿತ್ರಾ ಚೀಲ ಎತ್ತಿಕೊಂಡಳು. ಮಂದಿರಾ ಅವಳ ಮಣಿಕಟ್ಟು ಹಿಡಿದು ಮತ್ತೆ ಬೆಂಚಿಗೆ ಕೂರಿಸಿದಳು. ಹಿಡಿತ ಗಟ್ಟಿಯಾಗಿತ್ತು.

"ಇವಳನ್ನ ಕಳಿಸಿದ್ರೆ ಮತ್ತೆ ಹಬ್ಬಕ್ಕೊಂದ್ಸಲ ಬಂದು ನಿಂತ್ಕೊಂಡೇ ಹೋಗ್ತಾಳೆ, ಅಷ್ಟೇ. ಇರಲಿ." ಸಂಘಮಿತ್ರಾಳ ಮಡಿಲಿನ ಪತ್ರ ತೋರಿಸಿದಳು. "ಏನದು?"

"ಸಂತಾಪ ಪತ್ರ. ಪ್ರಯೋಗಾಲಯದ್ದು."

"ಏನು ಬರೆದಿದ್ದೀರಿ?"

"ಸರಳ ಜೀವಿ, ಎಲ್ಲರಿಗೂ ಬೇಕಾದವರು ಅಂತ."

"ಅದರ ಹಿಂದೆ ಬರಿ. ಈಗ ಹೇಳಿದ್ದೆಲ್ಲ. ವರದೀಲಿ ಅವರ ಹೆಸರಿನ ಮುಂದೆ ಆ ಮಾತು ಇದೆಯಲ್ಲ, ಅದರ ಪಕ್ಕದಲ್ಲಿ ಇದೂ ಇರಬೇಕು."

ಸಂಘಮಿತ್ರಾಳ ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು. "ನಾಳೆ ಸರಿಯಾಗಿ ಟೈಪ್ ಮಾಡಿಸಿ..."

"ನಾಳೆ ಇವರು ಇರಲ್ಲ," ಎಂದಳು ಮಂದಿರಾ.

ನಿತಾಯ್ ಜೇಬಿನಿಂದ ಪೆನ್ನು ತೆಗೆದುಕೊಟ್ಟ. ಸಂಘಮಿತ್ರಾ ಚೀಲವನ್ನು ತೊಡೆಯ ಮೇಲೆ ಹಲಗೆಯಂತೆ ಇಟ್ಟುಕೊಂಡು ಬರೆಯತೊಡಗಿದಳು. ಒಮ್ಮೆ ಒಂದು ಸಾಲು ಹೊಡೆದು ಹಾಕಿ, ಮೇಲೆ ಮತ್ತೆ ಬರೆದಳು. ಪೌಲಮಿ ಎದುರಿಗೇ ನಿಂತು ಒಂದೊಂದು ಸಾಲನ್ನೂ ತಲೆಕೆಳಗಾಗಿ ಓದುತ್ತಿದ್ದಳು. 'ನಾನು ಕೂಗಲಿಲ್ಲ' ಎಂಬಲ್ಲಿಗೆ ಬಂದಾಗ ಮುಖ ತಿರುಗಿಸಿಕೊಂಡಳು. ಕೆಳಗೆ ಸಂಘಮಿತ್ರಾಳ ಸಹಿ, ತಾರೀಖು. ಅದರ ಕೆಳಗೆ ನಿತಾಯ್‌ನ ನಡುಗುವ ಅಕ್ಷರ. ಹಾಲ್ದಾರ್ ಬಾಬು ಓಡಿಬಂದು, "ನಾಲ್ಕನೇ ನಂಬರ್ ಕರೆದ್ರು, ಏಳಿ, ಏಳಿ," ಎನ್ನುವಾಗ ಕಾಗದ ಪೌಲಮಿಯ ಕೈ ಸೇರಿತ್ತು. ಅವಳು ಅದನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

ಒಳಗೆ ಚಟ್ಟದಿಂದ ಕಬ್ಬಿಣದ ಹಳಿಯ ಮೇಲಕ್ಕೆ ಎತ್ತಬೇಕಾಗಿತ್ತು. ಗಂಡಸರು ತಲೆ, ಸೊಂಟ ಹಿಡಿದರು. "ಕಾಲ ಕಡೆ ಹಿಡಿ," ಎಂದಳು ಮಂದಿರಾ. ಸಂಘಮಿತ್ರಾ ಬಗ್ಗಿ ಎರಡೂ ಹಿಮ್ಮಡಿಗಳನ್ನು ಅಂಗೈಯಲ್ಲಿ ತೆಗೆದುಕೊಂಡಳು. ಪೌಲಮಿ ಉರಿವ ಸೆಣಬಿನ ಕಡ್ಡಿಯನ್ನು ತಂದೆಯ ಬಾಯಿಗೆ ಮುಟ್ಟಿಸಿದಳು. ಬಾಗಿಲು ಎದ್ದಿತು. ಒಳಗೆ ಕೆಂಪಗಿತ್ತು. ಬಾಗಿಲು ಬಿತ್ತು.

ಮುಕ್ಕಾಲು ಗಂಟೆಯ ಮೇಲೆ ಮಣ್ಣಿನ ಕುಡಿಕೆಯಲ್ಲಿ, ಗಂಗೆಯ ಮಣ್ಣಿನಡಿ ಮುಚ್ಚಿ, ಸುಡದೆ ಉಳಿದ ಹೊಕ್ಕುಳಿನ ಚೂರನ್ನು ನೀರಿಗೆ ಬಿಡಲು ಕೊಟ್ಟರು. ಹಿಂಬದಿಯಲ್ಲಿ ಆದಿಗಂಗೆಗೆ ಇಳಿಯುವ ಘಟ್ಟ. ಕಪ್ಪು ನೀರು, ಪಾಚಿಗಟ್ಟಿದ ಹದಿನೈದು ಮೆಟ್ಟಿಲು. ಪೌಲಮಿ ಕುಡಿಕೆ ಹಿಡಿದು ಮುಂದೆ ಇಳಿದಳು. ಅವಳ ಹಿಂದೆ ಹಾಲ್ದಾರ್ ಬಾಬು, ನಿತಾಯ್. ಸಂಘಮಿತ್ರಾ ಚಪ್ಪಲಿ ಕಳಚಿ ನಾಲ್ಕು ಮೆಟ್ಟಿಲಿಳಿದು, ಮೇಲೆ ಒಬ್ಬಳೇ ನಿಂತ ಮಂದಿರಾಳಿಗೆ ಕೈ ಚಾಚಿದಳು.

"ಬನ್ನಿ ಬೌದಿ. ಜಾರತ್ತೆ."

"ಬೇಡ. ನೀನು ಪಕ್ಕಕ್ಕೆ ಸರಿ."

ಸಂಘಮಿತ್ರಾ ಗೋಡೆಯ ಪಕ್ಕಕ್ಕೆ ಒತ್ತಿ ನಿಂತಳು. ಮಂದಿರಾ ಬಲಗೈ ಎತ್ತಿ ಅಂಗೈಯಿಂದ ತನ್ನ ಬಲಗಣ್ಣು ಮುಚ್ಚಿಕೊಂಡಳು. ಎಡಗಣ್ಣಿನಿಂದ ಕೆಳಗೆ ನೋಡಿದಳು. ಮೆಟ್ಟಿಲುಗಳೆಲ್ಲ ಒಂದಕ್ಕೊಂದು ಅಂಟಿ, ಗೋಡೆಗೆ ಎಳೆದ ಗೆರೆಗಳಂತೆ ಕಂಡವು. ಬರಿಗಾಲನ್ನು ಮುಂದಿಟ್ಟಳು, ಅದು ಗಾಳಿಯಲ್ಲಿ ಮೆಟ್ಟಿಲನ್ನು ಹುಡುಕಿತು.